ಹೊಳೆದಂಡೆಗೂ ಹೋಗಬೇಕು, ಮಕ್ಕಳ ಶಾಲೆಗೂ: ಯಾವ ಫೋರ್ ವೀಲ್ ಡ್ರೈವ್ ಕಾರು?

ಗಾಳ ಹಾಕಲು ಹೊಳೆದಂಡೆಗೆ, ನಾಯಿಗಳ ತಾಲೀಮಿಗೆ ಬಯಲಿಗೆ, ಕುದುರೆ ಟ್ರೇಲರ್ ಎಳೆದುಕೊಂಡು ಸ್ಪರ್ಧೆಗೆ ಹೋಗುವವರು ಕಾರು ನೋಡುವಾಗ ಮೊದಲು ಕೇಳುವುದು "ಇದು ಎಂಥ ಗುಡ್ಡ ಹತ್ತುತ್ತೆ?" ಅಂತ. ಆದರೆ ಈ ಕಾರುಗಳು ಹೆಚ್ಚಾಗಿ ಹೂತುಕೊಳ್ಳುವುದು ಸಪಾಟು ಜಾಗದಲ್ಲಿ. ಮಳೆ ಬಿದ್ದ ಹುಲ್ಲಿನ ಪಾರ್ಕಿಂಗ್, ಹತ್ತಾರು ಗಾಡಿಗಳು ತುಳಿದು ಕಲಸಿಟ್ಟ ಗೇಟಿನ ಬಾಯಿ, ಅಷ್ಟೇ. ಆ ಐವತ್ತು ಮೀಟರ್ ದಾಟಿಸುವುದರಲ್ಲಿ ಡ್ರೈವ್ ವ್ಯವಸ್ಥೆಗಿಂತ ಟೈರಿನ ಪಾಲು ದೊಡ್ಡದು.

ರಸ್ತೆಗೆಂದೇ ಮಾಡಿದ ಟೈರಿನ ಗೀರುಗಳಲ್ಲಿ ಒಂದೆರಡು ಸುತ್ತಿಗೇ ಕೆಸರು ತುಂಬಿ ಮೈ ನುಣ್ಣಗಾಗುತ್ತದೆ. ಆಮೇಲೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ನಾಲ್ಕೂ ಜಾರುತ್ತವೆ. ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತಿರುವ ಆಲ್-ಸೀಸನ್ ಟೈರು ಮನೆಮಂದಿಯ ಕಾರಿಗೆ ಒಳ್ಳೆಯ ಜೋಡಿ. ಆಲ್-ಟೆರೇನ್ ಟೈರು ಕೆಸರಲ್ಲಿ ಇನ್ನೂ ಗಟ್ಟಿ ಹಿಡಿಯುತ್ತದೆ, ಆದರೆ ಹೆದ್ದಾರಿಯಲ್ಲಿ ಸದ್ದು ಜಾಸ್ತಿ, ಒದ್ದೆ ಡಾಂಬರಿನಲ್ಲಿ ನಿಲ್ಲಲು ದೂರ ಹೆಚ್ಚು ಬೇಕು. ಹೊಸದರಲ್ಲಿ ಸುಮಾರು 8 ಮಿ.ಮೀ. ಇರುವ ಗೀರು 4ಕ್ಕೆ ಇಳಿದರೆ ರಸ್ತೆಗೆ ಇನ್ನೂ ನಡೆಯುತ್ತದೆ, ಒದ್ದೆ ಹುಲ್ಲಿಗೆ ನಡೆಯುವುದಿಲ್ಲ. ರಿಮ್ 19 ಇಂಚಿನದಾದರೆ ನೋಡಲು ಚೆಂದ, ಆದರೆ 17 ಇಂಚಿನದರ ಎತ್ತರದ ಟೈರು ಕಲ್ಲಿನ ಪೆಟ್ಟು ತಡೆಯುತ್ತದೆ. ಮೆದು ನೆಲಕ್ಕೆ ಇಳಿಯುವ ಮೊದಲು ಗಾಳಿಯನ್ನು 20 ಪಿಎಸ್‌ಐ ಆಸುಪಾಸಿಗೆ ಇಳಿಸಿ ನಿಧಾನಕ್ಕೆ ಓಡಿಸುವುದಕ್ಕೂ ಅದೇ ಸರಿ. ಡಾಂಬರಿಗೆ ಬಂದ ಕೂಡಲೇ ಗಾಳಿ ತುಂಬಿಸಲೇಬೇಕು, ಹಾಗಾಗಿ ಪುಟ್ಟ ಕಂಪ್ರೆಸರ್ ಡಿಕ್ಕಿಯಲ್ಲಿರಲಿ.

ಇನ್ನು ಕಾರುಗಳು. ಸುಜುಕಿ ಜಿಮ್ನಿ ಕೆಸರಿಗೆ ಇಳಿದರೆ ಅದರ ಮುಂದೆ ನಿಲ್ಲುವವರು ಕಡಿಮೆ: ಏಣಿಯಂಥ ಗಟ್ಟಿ ಚೌಕಟ್ಟು (ಲ್ಯಾಡರ್ ಫ್ರೇಮ್), ಹಿಂದೆ ಮುಂದೆ ಎರಡೂ ಕಡೆ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಆಕ್ಸಲ್, ವೇಗವನ್ನು ಅರ್ಧಕ್ಕಿಳಿಸಿ ಎಳೆತ ಹೆಚ್ಚಿಸುವ ಲೋ ರೇಂಜ್ ಗೇರು, ನೆಲದಿಂದ ಹೊಟ್ಟೆಯವರೆಗೆ 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್. ಹಗುರ ಮೈ ಇರುವುದರಿಂದ ಹೂತುಕೊಳ್ಳುವುದೂ ಕಡಿಮೆ. ಆದರೆ ಸೀಟು ನಾಲ್ಕೇ. ಮೂರು ಬಾಗಿಲಿನದರಲ್ಲಿ ಹಿಂದಿನ ಸೀಟು ಎತ್ತಿದ್ದರೆ ಡಿಕ್ಕಿ 85 ಲೀಟರ್, ಎರಡು ಜೊತೆ ಗಂಬೂಟು ಇಟ್ಟರೆ ತುಂಬಿತು. ಐದು ಬಾಗಿಲಿನದರಲ್ಲೂ 208 ಲೀಟರ್ ಅಷ್ಟೇ. ಇನ್ನೊಂದು ಕಾರು ಮನೆಯಲ್ಲಿದ್ದವರಿಗೆ ಇದು ಬಂಗಾರ. ಒಂದೇ ಕಾರು ಅನ್ನುವವರಿಗೆ ಬೇಡ.

ಬೇಕಾದಾಗ ಮಾತ್ರ ಲಿವರ್ ಎಳೆದು ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಅದರ ಪಾರ್ಟ್-ಟೈಮ್ ವ್ಯವಸ್ಥೆಯ ಒಂದು ಗುಣ ಮೊದಲೇ ತಿಳಿದಿರಬೇಕು. ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಿ ಆ ವ್ಯತ್ಯಾಸ ಜಾರಿ ಸರಿಹೋಗುತ್ತದೆ, ಒಣ ಡಾಂಬರಿನಲ್ಲಿ ಶಾಫ್ಟುಗಳು ಹುರಿ ಹಾಕಿದಂತೆ ಬಿಗಿಯುತ್ತವೆ. ಲಿವರ್ ಎಳೆದರೂ ಬಿಡುವುದಿಲ್ಲ. ಆಗ ಜೋರು ಮಾಡದೆ ನಾಲ್ಕೈದು ಮೀಟರ್ ನೇರ ಹಿಂದಕ್ಕೆ ಹೋದರೆ ಬಿಗಿ ಸಡಿಲುತ್ತದೆ.

ಸ್ಕೋಡಾ ಆಕ್ಟೇವಿಯಾ ಎಸ್ಟೇಟಿನ (ಉದ್ದ ಡಿಕ್ಕಿಯ ಕಾರಿನ) ಫೋರ್ ವೀಲ್ ಡ್ರೈವ್ ಇನ್ನೊಂದು ತುದಿ. ಮೂರನೇ ತಲೆಮಾರಿನದರಲ್ಲಿ ಡಿಕ್ಕಿ 610 ಲೀಟರ್. ಅಂಚು ತಗ್ಗಿನಲ್ಲಿರುವುದರಿಂದ ಸೊಂಟ ನೋವಿನ ಮುದಿ ನಾಯಿಯೂ ತಾನೇ ಹತ್ತೀತು. ಅದರ ಎತ್ತರಿಸಿದ ಸ್ಕೌಟ್ ಮಾದರಿಯಲ್ಲೂ ಕ್ಲಿಯರೆನ್ಸ್ 171 ಮಿ.ಮೀ. ಮಾತ್ರ, ಟ್ರ್ಯಾಕ್ಟರ್ ಜಾಡಿನ ನಡುದಿಬ್ಬ ಹೊಟ್ಟೆಗೆ ಉಜ್ಜುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವುದು ಎಣ್ಣೆ ಪಂಪಿನ ಒತ್ತಡದಿಂದ ಕ್ಲಚ್ ಫಲಕಗಳನ್ನು ಬಿಗಿಯುವ ಹಾಲ್ಡೆಕ್ಸ್ ಕಪ್ಲಿಂಗ್. ಐದನೇ ತಲೆಮಾರಿನ ಹಾಲ್ಡೆಕ್ಸ್‌ನಲ್ಲಿ ಪಂಪಿನ ಬಾಯಿಗೊಂದು ಸಣ್ಣ ಜಾಲರಿ ಇದೆ. ಕ್ಲಚ್ ಫಲಕದ ಪುಡಿ ಅಲ್ಲಿ ಕಟ್ಟಿ, ಪಂಪು ಎಳೆದೂ ಎಳೆದೂ ಸುಟ್ಟುಹೋಗುತ್ತದೆ. ಎಷ್ಟೋ ಸಲ ಎಚ್ಚರಿಕೆಯ ದೀಪವೂ ಬರುವುದಿಲ್ಲ, ಕಾರು ಸದ್ದಿಲ್ಲದೆ ಫ್ರಂಟ್ ವೀಲ್ ಡ್ರೈವ್ ಆಗಿರುತ್ತದೆ. ಮೂರು ವರ್ಷಕ್ಕೊಮ್ಮೆ ಎಣ್ಣೆ ಬದಲಿಸುವಾಗ ಪಂಪು ಬಿಚ್ಚಿ ಜಾಲರಿ ತೊಳೆಯಲು ಹೇಳಿ. ಬರೀ ಎಣ್ಣೆ ಬದಲಿಸಿದರೆ ಅರ್ಧ ಕೆಲಸ.

ಒಂದೇ ಕಾರಿನಲ್ಲಿ ಎರಡೂ ಬೇಕಾದವರಿಗೆ ನಮ್ಮ ಆಯ್ಕೆ ಸುಬಾರು ಫಾರೆಸ್ಟರ್. 220 ಮಿ.ಮೀ. ಕ್ಲಿಯರೆನ್ಸ್, ಚಕ್ರ ಜಾರುವವರೆಗೆ ಕಾಯದೆ ನಾಲ್ಕಕ್ಕೂ ಶಕ್ತಿ, ಅಗಲವಾಗಿ ತೆರೆಯುವ ಹಿಂಬಾಗಿಲು. ಗಾಜು ದೊಡ್ಡದು, ಹಿಂದೆ ಕೂತ ಮಕ್ಕಳಿಗೆ ಹೊರಗಡೆ ಕಾಣುತ್ತದೆ, ವಾಕರಿಕೆ ಕಡಿಮೆ. ಲೋ ರೇಂಜ್ ಇಲ್ಲ, ಭಾರ ಕಟ್ಟಿಕೊಂಡು ಕಡಿದಾದ ಏರು ಹತ್ತುವ ಕೆಲಸ ಇದಕ್ಕೆ ಕೊಡಬೇಡಿ. ಹಳೆಯ 2.5 ಲೀಟರ್ ಇಜೆ ಎಂಜಿನ್ನಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆ ಮತ್ತು ಒಡಲಿನ ನಡುವಿನ ಮುಚ್ಚುಪದರ) ಸೋರುವುದು ಹೆಸರಾದ ಕಾಯಿಲೆ, ಎಂಜಿನ್ ತಂಪಾಗಿಡುವ ಕೂಲಂಟ್ ಕಡಿಮೆಯಾಗುತ್ತಿದ್ದರೆ ಕೈ ಬಿಡಿ. ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಗೀರಿನ ಆಳಕ್ಕೆ ಇಳಿಸಿದರೆ ಅದು ಬರೀ 1 ಮಿ.ಮೀ. ಒಂದು ಟೈರು ಹರಿದರೆ ನಾಲ್ಕನ್ನೂ ಬದಲಿಸುವ ಖರ್ಚು ಬರಬಹುದು.

ಕುದುರೆ ಟ್ರೇಲರ್ ಇದ್ದವರ ಲೆಕ್ಕವೇ ಬೇರೆ. ಜಿಮ್ನಿ ಎಳೆಯುವುದು 1,300 ಕೆ.ಜಿ., 2009ರಲ್ಲಿ ಬಂದ ತಲೆಮಾರಿನ ಟೊಯೋಟಾ ಲ್ಯಾಂಡ್ ಕ್ರೂಸರ್ ಪ್ರಾಡೊ 3,000 ಕೆ.ಜಿ. ಪ್ರಾಡೊದ ನಡುವೆ ಹಿಡಿತ ಇರುವ ಕಡೆಗೆ ಶಕ್ತಿ ಹೆಚ್ಚು ಕಳಿಸುವ ಟಾರ್ಸನ್ ಡಿಫರೆನ್ಷಿಯಲ್, ಜೊತೆಗೆ ಲೋ ರೇಂಜ್. ಭಾರವೂ, ಇಂಧನದ ದಾಹವೂ ಅದಕ್ಕೆ ತಕ್ಕಂತೆ.

ಯಾವ ಕಾರಾದರೂ ಬಾಗಿಲ ಕಂಬದ ಫಲಕದಲ್ಲಿರುವ ಗರಿಷ್ಠ ತೂಕದಿಂದ ಖಾಲಿ ಕಾರಿನ ತೂಕ ಕಳೆದು ನೋಡಿ. 450 ಕೆ.ಜಿ. ಉಳಿಯಿತು ಅಂದುಕೊಳ್ಳಿ. ದೊಡ್ಡವರಿಬ್ಬರು 150, ಮಕ್ಕಳಿಬ್ಬರು 70, ಎರಡು ಲ್ಯಾಬ್ರಡಾರ್ 60, ಸಾಮಾನು 60, ರೂಫ್ ಬಾಕ್ಸ್ ತುಂಬಿದ್ದು 60, ಕಾರಿನ ಕೊಕ್ಕೆಯ ಮೇಲೆ ಬೀಳುವ ಟ್ರೇಲರ್ ಮೂತಿಯ ಭಾರ 75. ಕೂಡಿದರೆ 475, ಆಗಲೇ ಮಿತಿ ದಾಟಿತು. ಟ್ರೇಲರ್ ಮೂತಿಯ ಭಾರವನ್ನು ಲೆಕ್ಕಕ್ಕೇ ಹಿಡಿಯದವರು ಬಹಳ ಮಂದಿ. ಕೆಲವು ಕಂಪನಿಗಳು ಖಾಲಿ ತೂಕದಲ್ಲೇ 75 ಕೆ.ಜಿ. ಚಾಲಕನನ್ನು ಸೇರಿಸಿರುತ್ತವೆ, ಅದನ್ನೂ ವಿಚಾರಿಸಿ.

ವಾರವೆಲ್ಲ ಶಾಲೆ, ಅಂಗಡಿ, ಎರಡು ಮೂರು ಕಿಲೋಮೀಟರ್ ಓಡಾಟವೇ ಆದರೆ ಡೀಸೆಲ್ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್, ಆ ಮಸಿಯನ್ನು ಸುಟ್ಟು ಸ್ವಚ್ಛವಾಗಲು ನಿಲ್ಲದ ಓಟ ಬೇಕು, ಸುಮಾರು 15–20 ನಿಮಿಷ. ಅದು ಸಿಗದಿದ್ದರೆ ಕಟ್ಟಿಕೊಳ್ಳುತ್ತದೆ. ಸುಡುವ ಹೊತ್ತಿಗೆ ಎಕ್ಸಾಸ್ಟ್ ಕೆಂಡದಂತೆ ಕಾದಿರುತ್ತದೆ. ಆಗ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಿದರೆ ಹುಲ್ಲಿಗೆ ಬೆಂಕಿ ಹಿಡಿಯಬಹುದು. ಬೇಸಿಗೆಯಲ್ಲಿ ಬಯಲಿಗೆ ಹೋಗುವವರು ಇದನ್ನು ಹಗುರವಾಗಿ ಎಣಿಸಬಾರದು.

ಸೆಕೆಂಡ್ ಹ್ಯಾಂಡ್ ನೋಡುವಾಗ ಒಣ ಡಾಂಬರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಎರಡು ಸುತ್ತು ಹಾಕಿ. ಸದಾ ಫೋರ್ ವೀಲ್ ಇರುವ ಕಾರು ತಡೆದು ತಡೆದು ನಡುಗಿದರೆ ಕಪ್ಲಿಂಗ್ ಹಿಡಿದಿದೆ ಅಂತ ಅನುಮಾನಿಸಿ. ಡಿಕ್ಕಿಯ ಕಾರ್ಪೆಟ್ ಎತ್ತಿ ಸ್ಪೇರ್ ಚಕ್ರದ ಗುಂಡಿಗೆ ಕೈ ಹಾಕಿ, ಒದ್ದೆ ಇದೆಯೇ ನೋಡಿ. ಫ್ರೇಮಿನ ಹಿಂದಿನ ಭಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ: ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಹೊಳೆ ದಾಟಿದ ಕಾರಾದರೆ ಡಿಫರೆನ್ಷಿಯಲ್ ಎಣ್ಣೆ ಹಾಲು ಬೆರೆಸಿದಂತಿರುತ್ತದೆ, ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಗಾಳಿಯಾಡುವ ಕಿರುಕೊಳವೆ (ಬ್ರೀದರ್) ಮೂಲಕ ನೀರು ಹೀರಿಕೊಂಡ ಗುರುತು ಅದು. ಕೊನೆಗೆ ಎಳೆಯುವ ಕೊಕ್ಕೆಯನ್ನು ಟೂಲ್ ಕಿಟ್‌ನಿಂದ ತೆಗೆದು ಬಂಪರಿನ ತಿರುಪು ತೂತಿನಲ್ಲಿ ತಿರುಗಿಸಿ ನೋಡಿ. ಆ ತೂತಿನ ತಿರುಪು ತುಕ್ಕು ಹಿಡಿದಿದ್ದರೆ ಕೆಸರಿನ ದಿನ ಟ್ರ್ಯಾಕ್ಟರ್ ಬಂದರೂ ಹಗ್ಗ ಕಟ್ಟಲು ಜಾಗ ಇರುವುದಿಲ್ಲ.