ಪ್ಯಾಕೇಜು 28,000, ಫೈಲಿಗೆ 350

ಗದಗಿನಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರ, ಚುನಾವಣೆ ಬಂದರೆ ಒಂದಿಷ್ಟು ಪೋಸ್ಟರು. ಇಪ್ಪತ್ತಾರು ವರ್ಷಗಳಿಂದ ಹೆಬ್ಬೆರಳು, ತೋರುಬೆರಳಿನ ನಡುವೆ ಕಾಗದ ಹಿಡಿದು ಇದು 70 ಜಿಎಸ್‌ಎಂ, ಇದು 80 ಎಂದು ಹೇಳಿಕೊಂಡು ಬಂದವನು ನಾನು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. 2025ರ ಮಾರ್ಚ್‌ನಲ್ಲಿ ಒಂದು ದಿನ ಹೊಸ ರೀಮು ಬಿಚ್ಚಿ ಹಾಳೆ ಹಿಡಿದರೆ ಬೆರಳಿಗೆ ಏನೂ ತಿಳಿಯಲಿಲ್ಲ. ಬಟ್ಟೆ ಸುತ್ತಿಕೊಂಡು ಮುಟ್ಟಿದ ಹಾಗಿತ್ತು. ಅದಕ್ಕೂ ಮೊದಲೇ ರಾತ್ರಿ ಎರಡು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಎದ್ದು ಕುಳಿತು ಕೈ ಜಾಡಿಸಿದ ಮೇಲೆ ಸ್ವಲ್ಪ ಹಗುರ. ಮೌಸ್ ಹಿಡಿದು ಕೆಲಸ ಮಾಡುವವರಿಗೆಲ್ಲ ಇದು ಇದ್ದದ್ದೇ ಎಂದು ಸುಮ್ಮನಿದ್ದೆ.

ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಈ ತೊಂದರೆಗೆ ಕಾರ್ಪಲ್ ಟನಲ್ ಸಿಂಡ್ರೋಮ್ ಎಂದು ಹೆಸರು. ಅದಕ್ಕಾಗಿ ಆ ಕೈಗೆ ಶಸ್ತ್ರಚಿಕಿತ್ಸೆ ಮಾಡಿದ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ವೈದ್ಯರಿಗೆ ಹತ್ತಕ್ಕೆ ಒಂಬತ್ತು ಅಂಕ, ಬಿಲ್ಲಿಂಗ್ ಕೌಂಟರಿಗೆ ನಾಲ್ಕು. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಓದುವವರಿಗೆ ಏನೂ ಉಪಯೋಗವಿಲ್ಲ, ಆದ್ದರಿಂದ ಬೇರೆ ಬೇರೆಯಾಗಿಯೇ ಇಡುತ್ತೇನೆ.

ಮೊದಲು ಸುಮ್ಮನೆ ಕಳೆದುಕೊಂಡ ಹಣದ ಲೆಕ್ಕ. ಕುತ್ತಿಗೆಯ ತೊಂದರೆ ಇರಬೇಕೆಂದು ಯಾರೋ ಹೇಳಿದರು. ಹೋಗಿ ತೋರಿಸಿ, ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಐದು ದಿನ ಫಿಸಿಯೋಥೆರಪಿಗೆ ಓಡಾಡಿದೆ. 2,450 ರೂಪಾಯಿ ಹೋಯಿತು, ಜೋಮು ಹೋಗಲಿಲ್ಲ. ಹುಬ್ಬಳ್ಳಿಯ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ ಬೇರೆ: «ಕಿರುಬೆರಳಿಗೂ ಜೋಮು ಬರುತ್ತದೆಯೋ?» ಇಲ್ಲ ಎಂದೆ. ಮಣಿಕಟ್ಟಿನ ಒಳಭಾಗವನ್ನು ಬೆರಳಿನಿಂದ ತಟ್ಟಿದರು. ನಡುಬೆರಳಿನ ತುದಿಯವರೆಗೆ ಕರೆಂಟು ಹೊಡೆದಂತಾಯಿತು. ಎರಡೂ ಮುಂಗೈ ಕೆಳಗೆ ಮಡಿಸಿ ಬೆನ್ನಿಗೆ ಬೆನ್ನು ಹಚ್ಚಿ ಹಿಡಿಯಲು ಹೇಳಿದರು. ಒಂದು ನಿಮಿಷ ಆಗುವ ಮೊದಲೇ ಬಲಗೈ ಜೋಮು ಹಿಡಿಯಿತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರದ ಬೆರಳಿನ ಅರ್ಧಕ್ಕೆ ಹೋಗುವ ಮೀಡಿಯನ್ ನರ ಮಣಿಕಟ್ಟಿನಲ್ಲಿ ಮೂಳೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಬರುತ್ತದೆ, ಮೇಲೊಂದು ಗಟ್ಟಿ ಪಟ್ಟಿ. ಒಳಗೆ ಊತ ಬಂದರೆ ನರ ಒತ್ತಿಕೊಳ್ಳುತ್ತದೆ. ಕಿರುಬೆರಳಿನ ನರ ಆ ದಾರಿಯಲ್ಲಿ ಬರುವುದಿಲ್ಲ. ಇಷ್ಟು ತಿಳಿದಿದ್ದರೆ ಆ ಎಕ್ಸ್‌ರೇ ತೆಗೆಸುತ್ತಿರಲಿಲ್ಲ.

ಸಕ್ಕರೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಿದರು, ಅವುಗಳಿಂದಲೂ ಇದು ಬರುತ್ತದಂತೆ. ನನಗೆ ಎರಡೂ ಸರಿಯಿದ್ದವು. ಮೇ 2ರಂದು ನರಪರೀಕ್ಷೆ ಆಯಿತು. ಬೆರಳಿಗೆ ಉಂಗುರದಂಥ ತಂತಿ ಹಾಕಿ ಸಣ್ಣ ಸಣ್ಣ ಶಾಕ್ ಕೊಟ್ಟು ನರದ ವೇಗ ಅಳೆಯುತ್ತಾರೆ. ಬಲಗೈಯದು ಮಧ್ಯಮ ಹಂತ, ಎಡಗೈಯದು ಆರಂಭ. ರಾತ್ರಿ ಮಣಿಕಟ್ಟು ಮಡಿಸದಂತೆ ಸ್ಪ್ಲಿಂಟ್ ಕಟ್ಟಿಕೊಂಡು ಮಲಗಿದೆ. ಮಧ್ಯೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೂರು ವಾರ ಸುಖವಾಗಿದ್ದೆ, ಜೂನ್‌ನಲ್ಲಿ ಮತ್ತೆ ಮೊದಲಿನಂತೆಯೇ ಆಯಿತು. ಈ ಹಂತಕ್ಕೆ ಬರುವಷ್ಟರಲ್ಲಿ ತಪಾಸಣೆ, ಪರೀಕ್ಷೆ, ಸ್ಪ್ಲಿಂಟ್, ಇಂಜೆಕ್ಷನ್ ಸೇರಿ 7,750 ರೂಪಾಯಿ ಆಗಿತ್ತು. ಶಸ್ತ್ರಚಿಕಿತ್ಸೆಯ ಖರ್ಚು ಎಂದು ಯಾರು ಹೇಳಿದರೂ ಇದನ್ನು ಅದರಲ್ಲಿ ಹಿಡಿಯುವುದಿಲ್ಲ.

ಇನ್ನು ದರದ ಮಾತು. ನಮ್ಮ ಅಂಗಡಿಗೆ ಸಾವಿರ ಲಗ್ನಪತ್ರಿಕೆ ಬೇಕೆಂದು ಯಾರು ಬಂದರೂ ಕೊಟೇಶನ್‌ನಲ್ಲಿ ಕಾಗದಕ್ಕೆ ಇಷ್ಟು, ಪ್ಲೇಟಿಗೆ ಇಷ್ಟು, ಮುದ್ರಣಕ್ಕೆ ಇಷ್ಟು, ಕವರಿಗೆ ಇಷ್ಟು, ಜಿಎಸ್‌ಟಿ ಬೇರೆ ಎಂದು ಬರೆದು ಕೊಡುತ್ತೇನೆ. ಬರೆಯದಿದ್ದರೆ ಕೊನೆಗೆ ವರನ ಸೋದರಮಾವನ ಜೊತೆ ಜಗಳ ಖಚಿತ. ಅದೇ ಅಭ್ಯಾಸದಲ್ಲಿ ಮೂರು ಆಸ್ಪತ್ರೆಗಳಲ್ಲಿ ವಿಚಾರಿಸಿದೆ. ಒಂದು ಕಡೆ 25,000 ಎಂದರು. ಕೆದಕಿದಾಗ ಸರ್ಜನ್ ಶುಲ್ಕ ಅದರಲ್ಲಿ ಇಲ್ಲ ಎಂದು ಗೊತ್ತಾಯಿತು. ಇನ್ನೊಂದು ಕಡೆ ಕ್ಯಾಮೆರಾ ಹಾಕಿ ಸಣ್ಣ ರಂಧ್ರದಿಂದ ಮಾಡುವ ವಿಧಾನ, 55,000. ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು, ಆರು ತಿಂಗಳಾದ ಮೇಲೆ ನೋಡಿದರೆ ತೆರೆದು ಮಾಡಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ ಎಂದು ನಮ್ಮ ವೈದ್ಯರೇ ಹೇಳಿದ್ದರು. ಹೆಚ್ಚುವರಿ ಹಣ ಕೊಟ್ಟು ಹತ್ತು ದಿನ ಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ನಾನು ಆರಿಸಿದ ಆಸ್ಪತ್ರೆಯಲ್ಲಿ 28,000. ಬಿಲ್ಲಿಂಗ್ ಕೌಂಟರಿನ ಹುಡುಗಿಯನ್ನು ಕೇಳಿದೆ:

«ಇದರಲ್ಲಿ ಏನೇನು ಬರುತ್ತದೆ, ತಂಗೀ?»

«ಎಲ್ಲಾ ಬರುತ್ತದೆ ಸರ್, ಪ್ಯಾಕೇಜು.»

«ಹೊಲಿಗೆ ಬಿಚ್ಚುವುದು?»

«ಬರುತ್ತದೆ.»

«ಬರೆದು ಕೊಡುತ್ತೀಯಾ?»

ಆಕೆ ನಕ್ಕು, ಔಷಧಿ ಚೀಟಿಯ ಹಿಂಬದಿಯಲ್ಲಿ 28,000 ಎಂದಷ್ಟೇ ಬರೆದು ಕೆಳಗೊಂದು ಗೆರೆ ಎಳೆದು ಕೊಟ್ಟಳು. ಆ ಗೆರೆಯ ಕೆಳಗೆ ಎಷ್ಟೋ ಜಾಗ ಖಾಲಿಯಿತ್ತು. ಅದು ಯಾಕೆ ಖಾಲಿ ಬಿಟ್ಟದ್ದು ಎಂದು ಡಿಸ್ಚಾರ್ಜ್ ದಿನ ತಿಳಿಯಿತು.

ಅರಿವಳಿಕೆಯ ಬಗೆಯನ್ನೂ ಕೇಳಿಕೊಳ್ಳಬೇಕು. ಕೈಗಷ್ಟೇ ಮರಗಟ್ಟಿಸಿ ಮಾಡಿದರೆ ಖರ್ಚು ಒಂದು ತೆರ. ಪೂರ್ತಿ ಮಲಗಿಸಿದರೆ ಅರಿವಳಿಕೆ ತಜ್ಞರ ಶುಲ್ಕ, ಹೆಚ್ಚಿನ ಪರೀಕ್ಷೆಗಳು, ಗಂಟೆಗಟ್ಟಲೆ ಹಾಸಿಗೆ ಎಲ್ಲವೂ ಏರುತ್ತವೆ. ನನಗೆ ಕೈಗಷ್ಟೇ.

ವಿಮೆಯ ವಿಷಯದಲ್ಲಿ ಒಂದು ದೊಡ್ಡ ತಪ್ಪು ನನ್ನದೇ. ನಾಲ್ಕು ವರ್ಷದ ಹಳೆಯ ಪಾಲಿಸಿ, ಮೂರು ಲಕ್ಷದ್ದು. ಕೆಲವು ಕಾಯಿಲೆಗಳಿಗೆ ಇರುವ ಎರಡು ವರ್ಷದ ಕಾಯುವ ಅವಧಿ ಮುಗಿದಿತ್ತು. ಕೌಂಟರಿನಲ್ಲಿ, ರಾತ್ರಿ ಉಳಿಯದಿದ್ದರೆ ಕ್ಲೇಮ್ ಬರುವುದಿಲ್ಲ, ಒಂದು ದಿನ ರೂಮು ತೆಗೆದುಕೊಳ್ಳಿ ಎಂದರು. ಪಾಲಿಸಿ ಪುಸ್ತಕ ಬಿಚ್ಚಿ ಓದಿದೆ: 24 ಗಂಟೆಗಿಂತ ಕಡಿಮೆ ಅವಧಿಯಲ್ಲಿ ಮುಗಿಯುವ ಡೇ ಕೇರ್ ಚಿಕಿತ್ಸೆ, ಸ್ಥಳೀಯ ಅರಿವಳಿಕೆಯಲ್ಲಿ ಮಾಡಿದರೂ ಸೇರುತ್ತದೆ, ಆದರೆ ಹೊರರೋಗಿಯಾಗಿ ಬಂದು ಹೋಗುವ ಚಿಕಿತ್ಸೆ ಸೇರುವುದಿಲ್ಲ. ಅಂದರೆ ಅಡ್ಮಿಷನ್ ಚೀಟಿ, ಡಿಸ್ಚಾರ್ಜ್ ಸಮ್ಮರಿ ಇರಬೇಕು, ಬಿಲ್ಲು ಒಪಿಡಿ ಹೆಸರಿನಲ್ಲಿ ಆಗಬಾರದು. ಸಹಾಯವಾಣಿಗೆ ಫೋನ್ ಮಾಡಿ ಖಚಿತ ಮಾಡಿಕೊಂಡೆ. ರೂಮಿನ ಮಾತು ಅಲ್ಲಿಗೆ ನಿಂತಿತು.

ನನ್ನ ತಪ್ಪು ತಾರೀಖಿನದು. ಆಸ್ಪತ್ರೆ ಸೇರುವ ಹಿಂದಿನ 30 ದಿನಗಳ ಖರ್ಚನ್ನು ನನ್ನ ಪಾಲಿಸಿ ಕೊಡುತ್ತದೆ. ಲಗ್ನದ ಹಂಗಾಮು ಮುಗಿಯಲಿ, ಆಷಾಢದಲ್ಲಿ ಯಾರೂ ಪತ್ರಿಕೆ ಮುದ್ರಿಸುವುದಿಲ್ಲ ಎಂದು ಶಸ್ತ್ರಚಿಕಿತ್ಸೆಯನ್ನು ಜುಲೈ 3ಕ್ಕೆ ಇಟ್ಟುಕೊಂಡೆ. ನರಪರೀಕ್ಷೆ ಮೇ 2ಕ್ಕೆ ಆಗಿತ್ತು. ಮೂರು ಸಾವಿರದ ಆ ಬಿಲ್ಲು ನೇರ ನನ್ನ ಜೇಬಿನ ಮೇಲೆ ಬಿತ್ತು.

ಶಸ್ತ್ರಚಿಕಿತ್ಸೆಯ ಬಗ್ಗೆ ದೂರಲು ಏನೂ ಇಲ್ಲ. ಅಂಗೈಯಲ್ಲಿ ಕೊಟ್ಟ ಇಂಜೆಕ್ಷನ್ ಚುರುಕ್ ಎಂದಿತು. ಅದಕ್ಕಿಂತ ಹೆಚ್ಚು ನೋವಾದದ್ದು ರಕ್ತ ನಿಲ್ಲಿಸಲು ತೋಳಿಗೆ ಬಿಗಿದ ಪಟ್ಟಿಯಿಂದ. ಪರದೆಯ ಆಚೆ ವೈದ್ಯರು ಮಾತಾಡುತ್ತಲೇ ಇದ್ದರು, ಈಗ ಪಟ್ಟಿ ಕತ್ತರಿಸುತ್ತಿದ್ದೇನೆ, ಈಗ ನರ ಕಾಣುತ್ತಿದೆ, ಚೆನ್ನಾಗಿಯೇ ಒತ್ತಿಕೊಂಡಿತ್ತು ನೋಡಿ ಎಂದು. ನಾನು ನೋಡಲಿಲ್ಲ. ಹದಿನೈದು ನಿಮಿಷದಲ್ಲಿ ಮುಗಿಯಿತು. ಆ ರಾತ್ರಿ ಗಾಯ ನೋಯುತ್ತಿದ್ದರೂ ಜೋಮು ಹಿಡಿದು ಏಳಲಿಲ್ಲ, ಎಷ್ಟೋ ತಿಂಗಳ ಮೇಲೆ ಬೆಳಗಿನವರೆಗೆ ನಿದ್ದೆ.

ಬೆಳಿಗ್ಗೆ ಹನ್ನೊಂದಕ್ಕೆ ಕೆಲಸ ಮುಗಿದರೂ ಆಸ್ಪತ್ರೆಯಿಂದ ಹೊರಬಿದ್ದದ್ದು ಸಂಜೆ ಆರೂವರೆಗೆ. ವಿಮಾ ಕಂಪನಿಯಿಂದ ಒಪ್ಪಿಗೆ ಬಂದಿಲ್ಲ ಎಂದು ಕೌಂಟರಿನವರು ಹೇಳುತ್ತಲೇ ಇದ್ದರು. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಕಂಪನಿ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲೇ ಹೇಳಿದೆ. ನಾನೇ ಫೋನ್ ಮಾಡಿ ಕೇಳಿದರೆ, ಆಸ್ಪತ್ರೆಯಿಂದ ಕಾಗದ ಬಂದದ್ದೇ ನಾಲ್ಕು ಗಂಟೆಗೆ ಎಂದರು.

ಬಿಲ್ಲು 33,690. ಪ್ಯಾಕೇಜು 28,000, ರಕ್ತ ಪರೀಕ್ಷೆ ಮತ್ತು ಇಸಿಜಿ 2,200, ಔಷಧಿ ಸಾಮಗ್ರಿ 3,140, ಫೈಲ್ ಶುಲ್ಕ 350. ಆ ಫೈಲನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ, ಎಡಗೈಯಿಂದಲೇ. 300 ಜಿಎಸ್‌ಎಂ ಬೋರ್ಡು, ಒಂದು ಬದಿ ನಾಲ್ಕು ಬಣ್ಣ, ಮೇಲೆ ಲ್ಯಾಮಿನೇಷನ್. ಸಾವಿರ ಹೊಡೆಸಿದರೆ ನಮ್ಮಲ್ಲಿ ಒಂದಕ್ಕೆ ಇಪ್ಪತ್ತು ರೂಪಾಯಿ ದಾಟುವುದಿಲ್ಲ. ಮಡಿಕೆಯ ಗೆರೆ ಬೇರೆ ಸೊಟ್ಟ. ವಿಮೆಯವರಿಗೂ ಅದು ಸರಿಕಾಣಲಿಲ್ಲ. ಫೈಲು, ಕೈಗವಸು ಇತ್ಯಾದಿ ಬಿಟ್ಟು 31,480 ಕೊಟ್ಟರು. ಉಳಿದ 2,210 ನಾನು ಕಟ್ಟಿದೆ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿಸಲು ಹೋದರೆ 400 ಕೇಳಿದರು. ಔಷಧಿ ಚೀಟಿ ತೋರಿಸಿದೆ. ಅದರಲ್ಲಿ ಹೊಲಿಗೆಯ ಮಾತೇ ಇರಲಿಲ್ಲವಲ್ಲ. ಬಾಯಿಮಾತು ಹೇಳಿದ ಹುಡುಗಿ ಅಂದು ರಜೆಯಲ್ಲಿದ್ದಳು. ಡ್ರೆಸ್ಸಿಂಗ್ ಎರಡು ಸಲ 600, ಮಾತ್ರೆ 520. ಡಿಸ್ಚಾರ್ಜ್ ನಂತರದ 60 ದಿನಗಳ ಖರ್ಚು ಪಾಲಿಸಿಯಲ್ಲಿ ಬರುತ್ತದೆಂದು ರಸೀದಿಗಳನ್ನು ಇಟ್ಟುಕೊಂಡಿದ್ದೆ. ಜೂನ್‌ನ ಕೊನೆಯ ತಪಾಸಣೆಯ 700 (ಹಿಂದಿನ 30 ದಿನಗಳೊಳಗಿನದು, ಮೇಲಿನ 7,750ರಲ್ಲೇ ಇದ್ದದ್ದು) ಸೇರಿಸಿ 2,220ಕ್ಕೆ ಅರ್ಜಿ ಹಾಕಿದೆ, 1,980 ಖಾತೆಗೆ ಬಂತು.

ನನ್ನ ಜೇಬಿನಿಂದ ಹೋದದ್ದರಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತ ಯಾವ ಆಸ್ಪತ್ರೆಯ ಬಿಲ್ಲಿನಲ್ಲೂ ಇರುವುದಿಲ್ಲ. ಹದಿನೆಂಟು ದಿನ ನನ್ನ ಬದಲು ಕಂಪ್ಯೂಟರಿನ ಮುಂದೆ ಕೂರಲು ಒಬ್ಬ ಹುಡುಗನನ್ನು ಕರೆದೆ, ದಿನಕ್ಕೆ 650. 11,700 ರೂಪಾಯಿ. ಶಸ್ತ್ರಚಿಕಿತ್ಸೆಯ ದಿನ ಹೋಗಿ ಬರಲು ಕಾರಿಗೆ 2,600. ಒಂದೇ ಕೈಯಲ್ಲಿ ರೈಲು ಹತ್ತುವುದು ಬೇಡ ಎಂದು ಮನೆಯವರು ಪಟ್ಟು ಹಿಡಿದಿದ್ದರು. ಎಲ್ಲ ಕೂಡಿಸಿ, ಬಂದದ್ದು ಕಳೆದರೆ ವಿಮೆ ಇದ್ದೂ ನನ್ನ ಕೈಯಿಂದ ಹೋದದ್ದು 26,250. ಪ್ಯಾಕೇಜಿನ ಮೊತ್ತಕ್ಕೆ ಒಂದೂ ಮುಕ್ಕಾಲು ಸಾವಿರ ಕಡಿಮೆ.

ನಮ್ಮ ಓಣಿಯಲ್ಲಿ ರೊಟ್ಟಿ ಬಡಿದು ಮಾರುವ ಅಕ್ಕನಿಗೂ ಇದೇ ತೊಂದರೆ. ಆಕೆಗೆ ಖಾಸಗಿ ಆಸ್ಪತ್ರೆಯ ದಾರಿ ಹೇಳಲಿಲ್ಲ. ಗದಗಿನಲ್ಲಿ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆ ಇದೆ. ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಆ ಯೋಜನೆಯ ಪ್ಯಾಕೇಜ್ ದರದ ಶೇಕಡಾ 30ರಷ್ಟು. ಕಾರ್ಡು, ಆಧಾರ್ ಹಿಡಿದುಕೊಂಡು ಮೊದಲು ಅಲ್ಲಿನ ಆರೋಗ್ಯ ಮಿತ್ರರನ್ನು, ಅಂದರೆ ಯೋಜನೆಯ ಸಹಾಯಕರನ್ನು ಕಂಡು, ತನ್ನ ಕೈಯ ಈ ಚಿಕಿತ್ಸೆ ಇದರಲ್ಲಿ ಬರುತ್ತದೆಯೋ ಎಂದು ಕೇಳಲು ಹೇಳಿದ್ದೇನೆ. «ರೊಟ್ಟಿ ಬಡಿಯುವುದು ಎಷ್ಟು ದಿನ ನಿಲ್ಲುತ್ತದೆ ಅಣ್ಣಾ?» ಎಂದು ಆಕೆ ಕೇಳಿದ್ದು ಅದೊಂದನ್ನೇ. ನನಗೆ ಅಂಗೈಯ ಬುಡ ಒತ್ತಿದರೆ ನೋವು ಹೋಗಲು ಎರಡೂವರೆ ತಿಂಗಳು ಹಿಡಿಯಿತು, ಸ್ಟೇಪ್ಲರ್ ಒತ್ತುವಾಗಲೂ ಮುಖ ಕಿವುಚುತ್ತಿದ್ದೆ ಎಂದೆ. ರೊಟ್ಟಿ ಬಡಿಯುವುದು ಅದೇ ಅಂಗೈಯಿಂದ. ಆಕೆ ಇನ್ನೂ ಯೋಚಿಸುತ್ತಿದ್ದಾಳೆ.

ಬಲಗೈಗೆ ಈಗ 100 ಮತ್ತು 130 ಜಿಎಸ್‌ಎಂ ಬೇರೆ ಬೇರೆ ಎಂದು ತಿಳಿಯುತ್ತದೆ. 70, 80ರಲ್ಲಿ ಇನ್ನೂ ತಪ್ಪುತ್ತೇನೆ. ಎಡಗೈ ರಾತ್ರಿ ಜೋಮು ಹಿಡಿಯಲು ಶುರು ಮಾಡಿದೆ, ಸ್ಪ್ಲಿಂಟನ್ನು ಆ ಕಡೆಗೆ ಬದಲಿಸಿದ್ದೇನೆ. ಶಸ್ತ್ರಚಿಕಿತ್ಸೆಯೇ ಬೇಕಾದರೆ ವೈದ್ಯರು ಅವರೇ, ತಿಂಗಳು ಆಷಾಢವೇ. ಆದರೆ ನರಪರೀಕ್ಷೆ ಅದರ ಹಿಂದಿನ 30 ದಿನಗಳೊಳಗೆ, ಮತ್ತು ಕೊಟೇಶನ್ ನಮ್ಮ ಅಂಗಡಿಯ ಹಾಳೆಯಲ್ಲಿ ನಾನೇ ಬರೆದುಕೊಂಡು ಹೋಗುತ್ತೇನೆ. ಹೊಲಿಗೆ ಬಿಚ್ಚುವ ಸಾಲು ಮೊದಲನೆಯದು. ಅವರು ಸಹಿ ಹಾಕಿದರೆ ಸಾಕು.