ಮೊದಲ ಸಾಲು, ಮುಖಪುಟ: ‘ಹಾಬಿಟ್’ ಕೊಡಲೇ, ‘ಅರ್ತ್‌ಸೀ’ ಕೊಡಲೇ?

ಉಡುಗೊರೆ ಕೊಡಲು ಈ ಎರಡು ಇಂಗ್ಲಿಷ್ ಕಲ್ಪನಾಲೋಕದ ಕಾದಂಬರಿಗಳಲ್ಲಿ ಯಾವುದು ಸರಿ? ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದಿದ್ದರೆ ಟೋಲ್ಕಿನ್ ಅವರ ‘ದಿ ಹಾಬಿಟ್’ (1937) ಕೊಡಿ. ನೆಲದೊಳಗಿನ ಬಿಲದಲ್ಲಿ ಹಾಬಿಟ್ ವಾಸವಾಗಿತ್ತು ಎಂದು ಮೊದಲ ಸಾಲೇ ಹೇಳಿಬಿಡುತ್ತದೆ; ಹಾಬಿಟ್ ಎಂದರೇನು ಎಂಬ ಪ್ರಶ್ನೆಯನ್ನು ಮಗುವೇ ಕೇಳುತ್ತದೆ. ಎಂಥ ಚೆಂದದ ಆರಂಭ! ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968) ಬಿರುಗಾಳಿಯ ಕಡಲಿನಿಂದ ಮೈಲಿಯೆತ್ತರ ಎದ್ದ ಗಾಂಟ್ ದ್ವೀಪದಿಂದ ಶುರುವಾಗುತ್ತದೆ. ಗಂಭೀರ ನಡೆ, ಒಬ್ಬರೇ ಕುಳಿತು ಓದುವ ಹದಿಹರೆಯದವರಿಗೆ ಹಿಡಿಸುತ್ತದೆ.

ಮುಖಪುಟ ನೋಡಿ ಕೊಳ್ಳುವವರಿಗೆ ‘ಹಾಬಿಟ್’ ಸುಲಭ. ಹಿಮಶಿಖರಗಳ ಚಿತ್ರವಿರುವ ಪುಸ್ತಕದ ಹೊರಹೊದಿಕೆಯನ್ನು ಲೇಖಕರೇ ಬಿಡಿಸಿದ್ದು. ಅವರು ಬಯಸಿದ್ದ ಕೆಂಪು ಬಣ್ಣವನ್ನು ಪ್ರಕಾಶಕರು ಖರ್ಚಿನ ಕಾರಣಕ್ಕೆ ಕೈಬಿಟ್ಟರು. ‘ಅರ್ತ್‌ಸೀ’ ಕೊಳ್ಳುವಾಗ ಎಚ್ಚರ ಬೇಕು. ನಾಯಕ ಗೆಡ್ ಕೆಂಪು ಮಿಶ್ರಿತ ಕಂದು ಮೈಬಣ್ಣದವನು, ಆದರೂ ಹಲವು ಮುಖಪುಟಗಳು ಅವನನ್ನು ಬಿಳಿಯನನ್ನಾಗಿಸಿವೆ. ಅಂಥ ಪ್ರತಿ ಅಗ್ಗಕ್ಕೆ ಸಿಕ್ಕರೂ ಉಡುಗೊರೆಗೆ ಬೇಡ.