ಮೋಡ ಇದ್ದ ದಿನವೇ ನಮ್ಮ ಪಗ್ ಕುಸಿದು ಬಿತ್ತು

ಬೇಸಿಗೆ ರಜೆಗೆ ಬೆಂಗಳೂರಿಂದ ಕಾಸರಗೋಡು ಕಡೆ ನಾಯಿ ಕರೆದುಕೊಂಡು ಬರುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಪಗ್, ಬುಲ್‌ಡಾಗ್, ಶಿಟ್ಸು ಥರ ಮೂತಿ ಚಪ್ಪಟೆ ಇರುವ ನಾಯಿ ಸಾಕಿದವರು.

ನಮ್ಮ ಪುಟ್ಟಿ ಪಗ್. ಹಿಂದೆ ಮೊಬೈಲ್ ಜಾಹೀರಾತಿನಲ್ಲಿ ಬರ್ತಿತ್ತಲ್ವಾ, ಅದೇ ಜಾತಿ. ವಿಷುವಿಗೆ ಅಂತ ಬದಿಯಡ್ಕದ ಹತ್ತಿರ ಇರುವ ನಮ್ಮ ಮನೆಗೆ ಕರೆತಂದಿದ್ದೆವು. ಬೆಂಗಳೂರಲ್ಲಿ ದಿನಾ ಸಂಜೆ 5 ಗಂಟೆಗೆ ಅವಳ ವಾಕಿಂಗ್. ಏಪ್ರಿಲ್‌ನಲ್ಲೂ ಅಲ್ಲಿ ಏನೂ ತೊಂದರೆ ಆಗಿರಲಿಲ್ಲ. ಇಲ್ಲೂ ಅದೇ ಹೊತ್ತಿಗೆ ಹೊರಟೆ. ಮಧ್ಯಾಹ್ನದ ಮೇಲೆ ಮೋಡ ಕವಿದಿತ್ತು. ಬಿಸಿಲಿಲ್ಲ, ಒಳ್ಳೆಯದೇ ಆಯ್ತು ಅಂದುಕೊಂಡೆ. ಆದರೆ ಗಾಳಿ ಪೂರ್ತಿ ನಿಂತಿತ್ತು. ಒಂದು ಅಡಿಕೆ ಸೋಗೆಯೂ ಅಲ್ಲಾಡುತ್ತಿರಲಿಲ್ಲ. ನನ್ನ ಅಂಗಿಯೇ ಬೆನ್ನಿಗೆ ಅಂಟಿಕೊಂಡಿತ್ತು. ಆ ಸೆಕೆಯನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ.

ಗುಡ್ಡೆ ದಾರಿಯಲ್ಲಿ ಹತ್ತು ನಿಮಿಷ ನಡೆದಿರಬಹುದು, ಪುಟ್ಟಿ ಕೂತಳು. ಹಟ ಮಾಡ್ತಿದ್ದಾಳೆ ಅಂತ ಕತ್ತಿನ ಬೆಲ್ಟ್ ಹಿಡಿದು ಎಳೆದೆ. ನಾಲ್ಕು ಹೆಜ್ಜೆ ಹಾಕಿ ಮತ್ತೆ ಕೂತಳು. ಮತ್ತೆ ಎಳೆದೆ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಅಷ್ಟರಲ್ಲಿ ಅವಳ ಉಸಿರಿನ ಶಬ್ದ ಹಸಿ ಮರಕ್ಕೆ ಗರಗಸ ಹಾಕಿದ ಹಾಗೆ ಕೇಳತೊಡಗಿತ್ತು. ಜೊಲ್ಲು ಅಂಟಂಟಾಗಿ ನೆಲದವರೆಗೆ ಇಳಿಯುತ್ತಿತ್ತು. ನಾಲಿಗೆಯ ತುದಿ ಅಗಲವಾಗಿ, ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು. ಹಿಂಗಾಲು ತಡವರಿಸಿ ಅಲ್ಲೇ ಮುರಕಲ್ಲಿನ ಮೇಲೆ ಬಿದ್ದಳು. ಎತ್ತಲು ಕೈ ಊರಿದಾಗ ಗೊತ್ತಾಯಿತು, ಕಲ್ಲಿನಲ್ಲಿ ಮಧ್ಯಾಹ್ನದ ಕಾವು ಹಾಗೇ ಇತ್ತು.

ಹತ್ತಿರದ ಮನೆಯವರು ಓಡಿ ಬಂದರು. ಒಬ್ಬರು ಬಾಯಿಗೆ ನೀರು ಹೊಯ್ಯಲು ನೋಡಿದರು. ಇನ್ನೊಬ್ಬರು ಒದ್ದೆ ಬೈರಾಸು ಸುತ್ತಿ ಅಂದರು. ನಾನು ಬೆಂಗಳೂರಿನ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಎರಡೂ ಬೇಡ ಅಂದರು. ಬಾಯಿಗೆ ಹೊಯ್ದ ನೀರು ಶ್ವಾಸಕೋಶಕ್ಕೆ ಹೋಗಬಹುದು. ಸುತ್ತಿದ ಬಟ್ಟೆ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಮೈಯ ಕಾವನ್ನು ಒಳಗೇ ತಡೆಯುತ್ತದೆ. "ಕಾರು ಹತ್ತಿಸುವ ಮೊದಲೇ ತಂಪು ಮಾಡಿ, ಕಾಯಬೇಡಿ" ಅಂದರು. ತೋಟದ ಪೈಪ್ ತಂದು, ಮೂಗಿಗೆ ನೀರು ಹೋಗದ ಹಾಗೆ ತಲೆ ಎತ್ತಿ ಹಿಡಿದು, ಮೈಪೂರ್ತಿ ನೀರು ಬಿಟ್ಟೆವು. ಆ ಮನೆಯ ಅಜ್ಜಿ ಹಾಳೆ ಬೀಸಣಿಗೆ ತಂದು ಬಿಡದೆ ಗಾಳಿ ಹಾಕಿದರು. ಪುಟ್ಟಿ ಉಳಿದದ್ದು ಆ ನೀರು, ಆ ಗಾಳಿಯಿಂದ. ಆಮೇಲೆ ಎಸಿ ಜೋರು ಮಾಡಿ ಹತ್ತಿರದ ಕ್ಲಿನಿಕ್‌ಗೆ ಹೋದೆವು. ಅಷ್ಟೆಲ್ಲ ತಂಪು ಮಾಡಿದ ಮೇಲೂ ಜ್ವರದ ಕಡ್ಡಿ 40.6 ಡಿಗ್ರಿ ತೋರಿಸಿತು. ನಾಯಿಗೆ ಸಾಮಾನ್ಯವಾಗಿ ಇರುವುದು 38ರಿಂದ 39. ಆಕ್ಸಿಜನ್ ಕೊಟ್ಟರು, ಡ್ರಿಪ್ ಹಾಕಿದರು. ಮೂರು ದಿನ ರಕ್ತ ಪರೀಕ್ಷೆ ಆಯ್ತು, ಯಾಕೆಂದರೆ ಕಿಡ್ನಿಗೆ ಆದ ಪೆಟ್ಟು ಆವತ್ತೇ ಕಾಣುವುದಿಲ್ಲವಂತೆ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಡಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಏದುಸಿರು ಬಿಟ್ಟು, ನಾಲಿಗೆ ಮತ್ತು ಗಂಟಲಿನ ತೇವ ಆರಿದಾಗ ಅದರ ಮೈ ತಂಪಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅಂಗಳದ ಬಟ್ಟೆಯೇ ಆರುವುದಿಲ್ಲ, ಇನ್ನು ನಾಲಿಗೆಯ ತೇವ ಎಲ್ಲಿ ಆರಬೇಕು? ಪಗ್‌ಗಂತೂ ಮೂಗಿನ ಹೊಳ್ಳೆ ಬರೀ ಸೀಳು. ಅಂಗುಳದ ಹಿಂದಿನ ಮೆತ್ತನೆ ಮಾಂಸ ಉಸಿರಿನ ದಾರಿಗೇ ಅಡ್ಡ ಬರುತ್ತದೆ. ಜೋರಾಗಿ ಉಸಿರೆಳೆದಷ್ಟೂ ಗಂಟಲು ಊದಿಕೊಂಡು ದಾರಿ ಇನ್ನೂ ಕಿರಿದಾಗುತ್ತದೆ. ಪುಟ್ಟಿಯ ಗೊರಕೆಯನ್ನು ನಾವು ಮುದ್ದು ಅಂತ ವೀಡಿಯೊ ಮಾಡುತ್ತಿದ್ದೆವು. ಅದು ಉಸಿರಿಗೆ ಪಡುತ್ತಿದ್ದ ಕಷ್ಟ ಅಂತ ಯಾರಿಗೂ ಹೊಳೆದಿರಲಿಲ್ಲ.

ಹಾಗಾಗಿ ಬಿಸಿಲು ಒಂದನ್ನೇ ನೋಡಬೇಡಿ. ಊರಲ್ಲಿದ್ದಷ್ಟು ದಿನ ಬೆಳಿಗ್ಗೆ 6ಕ್ಕೇ ತೋಟದ ನೆರಳಲ್ಲಿ ಹತ್ತು ನಿಮಿಷ ಓಡಾಡಿಸಿ, ಸಾಕು. ಬೆಳಿಗ್ಗೆಯೇ ಸೆಕೆ ಜಾಸ್ತಿ ಇದ್ದರೆ ಅದೂ ಬೇಡ. ಕತ್ತಿನ ಬೆಲ್ಟ್ ತೆಗೆದು ಎದೆಗೆ ಹಾಕುವ ಬೆಲ್ಟ್ ತನ್ನಿ. ನಡೆಯುವಾಗ ನಾಯಿ ಕೂತರೆ ದಯವಿಟ್ಟು ಎಳೆಯಬೇಡಿ, ಎತ್ತಿಕೊಂಡು ನೆರಳಿಗೆ ಹೋಗಿ.

ಪುಟ್ಟಿ ಈಗ ಊಟ ಮಾಡುತ್ತಿದ್ದಾಳೆ. ಹೊಳ್ಳೆ ಅಗಲ ಮಾಡುವ ಒಂದು ಆಪರೇಷನ್ ಇದೆಯಂತೆ. ಮಳೆ ಹಿಡಿದು ಸೆಕೆ ಇಳಿದ ಮೇಲೆ ಮಾಡಿಸುತ್ತೇವೆ.